ಅವರೆಯ ಮೇಳಕ್ಕೆ ಹೋಗಿ ಬಂದೆವು

ಪುಷ್ಯ ಮಾಸದ ಬೆಳಗಿನ ಹೊತ್ತು ಚಾಮರಾಜನಗರದ ಸಂತೆಯಲ್ಲಾಗಲಿ, ಗುಂಡ್ಲುಪೇಟೆಯ ಮಾರುಕಟ್ಟೆಯಲ್ಲಾಗಲಿ ಕಣ್ಣು ಮುಚ್ಚಿಕೊಂಡು ನಡೆದರೂ ಅವರೆಕಾಯಿ ಮಾರುವವರು ಎಲ್ಲಿ ಕುಳಿತಿದ್ದಾರೆಂದು ಹೇಳಬಹುದು. ಮೂಗೇ ದಾರಿ ತೋರಿಸುತ್ತದೆ. ಇಬ್ಬನಿ ಆರದ ಕಾಯಿ; ಹಿಡಿದರೆ ಬೆರಳಿಗೆ ಹತ್ತುವ ಜಿಡ್ಡು; ಆ ಜಿಡ್ಡಿನಲ್ಲಿ ಸೊಗಡು. ಈ ಸೊಗಡು ಒಳಗಿನ ಕಾಳಿನದಲ್ಲ, ಸಿಪ್ಪೆಯ ಮೇಲೆ ಒಸರುವ ಎಣ್ಣೆಯದು. ಕಾಯಿ ಸುಲಿದ ಕೈಯನ್ನು ಎಷ್ಟು ತೊಳೆದರೂ ರಾತ್ರಿ ಮಲಗುವವರೆಗೆ ವಾಸನೆ ಹೋಗದೆಂದು ನಮ್ಮ ಮನೆಗಳ ಹೆಂಗಸರು ಹೇಳುತ್ತಾರೆ. ಹಾಗೆ ಹೇಳುವಾಗ ಅವರ ಮುಖದಲ್ಲಿ ಬೇಸರವೇನೂ ಕಾಣುವುದಿಲ್ಲ.

ಈ ತಿಂಗಳಲ್ಲಿ ನಮ್ಮ ಸೀಮೆಯ ಅಡಿಗೆಮನೆ ಅವರೆಯದೇ ರಾಜ್ಯ. ಬೆಳಿಗ್ಗೆ ಉಪ್ಪಿಟ್ಟಿಗೆ ಅವರೆಕಾಳು, ಮಧ್ಯಾಹ್ನ ಮುದ್ದೆಗೆ ಅವರೆಕಾಳಿನ ಸಾರು, ಧನುರ್ಮಾಸದ ಹುಗ್ಗಿಯಲ್ಲಿಯೂ ಅವರೆ. ಸಂಕ್ರಾಂತಿಯ ದಿನ ದನಗಳಿಗೆ ಕಿಚ್ಚು ಹಾಯಿಸುವ ಮೊದಲು ಗೆಣಸು, ಕಡಲೆಕಾಯಿಯ ಜೊತೆಗೆ ಉಪ್ಪು ಹಾಕಿ ಬೇಯಿಸಿದ ಅವರೆಕಾಯಿ ಇಲ್ಲದಿದ್ದರೆ ಹಬ್ಬವೇ ಆಗದು. ಇಷ್ಟೆಲ್ಲಾ ಇದ್ದರೂ ಅವರೆಯನ್ನು ಒಂದು ಬೆಳೆಯೆಂದು ನಾವು ಯಾರೂ ಲೆಕ್ಕಕ್ಕೆ ತೆಗೆದುಕೊಂಡವರಲ್ಲ. ಬೆಳೆ ಎಂದರೆ ಬೆಟ್ಟದ ಮೇಲೆ ಕಾಫಿ, ಬಯಲಿನಲ್ಲಿ ಅಡಿಕೆ, ಅರಿಸಿನ, ಬಾಳೆ. ಅವರೆ ಏನಿದ್ದರೂ ಹೆಂಗಸರ ಬಾಬತ್ತು.

ಹೀಗಿರುವಾಗ ಡಿಸೆಂಬರಿನ ಸಭೆ ಮುಗಿದು ಕಾಫಿ ಕುಡಿಯುತ್ತಿದ್ದ ಹೊತ್ತಿನಲ್ಲಿ ಸದಸ್ಯರೊಬ್ಬರು ಒಂದು ಸುದ್ದಿ ಹೇಳಿದರು. ಬೆಂಗಳೂರಿನಲ್ಲಿ ಅವರೆಗೆಂದೇ ಒಂದು ಮೇಳ ನಡೆಯುತ್ತದಂತೆ, ಅಲ್ಲಿ ಅವರೆಯ ಜಿಲೇಬಿ ಮಾರುತ್ತಾರಂತೆ, ಜನ ಸಾಲುಗಟ್ಟಿ ನಿಂತು ಕೊಳ್ಳುತ್ತಾರಂತೆ ಎಂದು ಅವರ ಮಗ ತಿಳಿಸಿದ್ದನು. ಎಲ್ಲರೂ ನಕ್ಕೆವು. ಆದರೆ ಮೂಲೆಯಲ್ಲಿ ಕುಳಿತಿದ್ದ ಹಿರಿಯರು ನಗಲಿಲ್ಲ. “ನಮ್ಮ ಕಾಫಿಗೆ ಇಲ್ಲದ ಜಾತ್ರೆ, ಅಡಿಕೆಗೆ ಇಲ್ಲದ ಜಾತ್ರೆ ಬದುವಿನ ಅವರೆಗೆ ಹೇಗೆ ಬಂತು? ನೋಡಿಕೊಂಡು ಬರೋಣ, ಬನ್ನಿ” ಎಂದರು. ಅದರಂತೆ 2025ರ ಜನವರಿಯ ಮೊದಲ ವಾರದಲ್ಲಿ ನಾವು ಐದು ಮಂದಿ ಹೊರಟೆವು. ಖರ್ಚು ಅವರವರದು; ಸಂಘದ ಲೆಕ್ಕಕ್ಕೆ ಒಂದು ಪೈಸೆಯೂ ಬಿದ್ದಿಲ್ಲವೆಂದು ಸದಸ್ಯರ ಸಮಾಧಾನಕ್ಕಾಗಿ ಮೊದಲೇ ಹೇಳಿಬಿಡುತ್ತೇವೆ.

ಗುಂಡ್ಲುಪೇಟೆಯಲ್ಲಿ ಬಸ್ಸು ಹತ್ತಿದಾಗ ಇನ್ನೂ ಮಂಜು ಇತ್ತು. ಬೇಗೂರು ದಾಟುವ ಹೊತ್ತಿಗೆ ಬೆಳಕಾಯಿತು. ಕಿಟಕಿಯ ಪಕ್ಕದಲ್ಲಿದ್ದ ಹಿರಿಯರು ಏನನ್ನೋ ಎಣಿಸುತ್ತಿದ್ದರು. ಕೇಳಿದರೆ, “ಅವರೆಯ ಸಾಲು” ಎಂದರು. ಎಲೆ ಒಣಗುತ್ತಿದ್ದ ಅರಿಸಿನ, ಬಾಳೆಯ ತೋಟ, ಹೊಸದಾಗಿ ಎದ್ದ ಅಡಿಕೆಯ ಗಿಡಗಳು ಸಾಲಾಗಿ ಹಿಂದೆ ಸರಿಯುತ್ತಿದ್ದವು. ಅವರೆ ಅಲ್ಲೊಂದು ಇಲ್ಲೊಂದು ಕಂಡಿತು. ನಂಜನಗೂಡು ಬರುವುದರೊಳಗೆ ಅವರ ಎಣಿಕೆ ಎರಡು ಕೈಯ ಬೆರಳುಗಳನ್ನು ಮೀರಿರಲಿಲ್ಲ.

ಹಿಂದೆ ಹೀಗಿರಲಿಲ್ಲ. ಮಳೆಯ ನೆರಳಿನ ಈ ಸೀಮೆಯಲ್ಲಿ ರಾಗಿಯ ಹೊಲವೆಂದರೆ ಬರೀ ರಾಗಿಯ ಹೊಲವಲ್ಲ. ಕೆಲವು ಸಾಲು ರಾಗಿಗೆ ಒಂದು ಅಕ್ಕಡಿ ಸಾಲು. ಅದರಲ್ಲಿ ಅವರೆ, ತೊಗರಿ, ಅಲಸಂದೆ, ಹುಚ್ಚೆಳ್ಳು, ಸಾಸಿವೆ. ಮಳೆ ಕೈಕೊಟ್ಟು ರಾಗಿ ಹೋದರೂ ಅಕ್ಕಡಿ ಉಳಿಯುತ್ತಿತ್ತು. ರಾಗಿ ಕೊಯ್ದ ಮೇಲೂ ಅವರೆ ಇಬ್ಬನಿ ಕುಡಿದು ಕಾಯಿ ಬಿಡುತ್ತಿತ್ತು, ಭೂಮಿಗೆ ಸಾರಜನಕವನ್ನೂ ಸೇರಿಸುತ್ತಿತ್ತು, ಹೊಟ್ಟು ದನಕ್ಕೆ ಆಗುತ್ತಿತ್ತು. ಬೋರ್‌ವೆಲ್ಲು ಬಂದ ಮೇಲೆ ರಾಗಿಯ ಹೊಲ ಅರಿಸಿನದ ಹೊಲವಾಯಿತು, ಬಾಳೆಯ ತೋಟವಾಯಿತು, ಈಗ ಅಡಿಕೆಯ ತೋಟವಾಗುತ್ತಿದೆ. ರಾಗಿಯೊಡನೆ ಅಕ್ಕಡಿಯೂ ಹೋಯಿತು. ಇದನ್ನು ಯಾರ ಮೇಲೂ ದೂರಾಗಿ ಹೇಳುತ್ತಿಲ್ಲ. ಮಾಡಿದವರು ನಾವೇ, ಲಾಭ ಉಂಡವರೂ ನಾವೇ.

ಮೈಸೂರಿನಲ್ಲಿ ರೈಲು ಹಿಡಿದು ಬೆಂಗಳೂರು ಸೇರಿ, ಅಲ್ಲಿಂದ ಮೆಟ್ರೋ ರೈಲಿನಲ್ಲಿ ನ್ಯಾಷನಲ್ ಕಾಲೇಜು ನಿಲ್ದಾಣದಲ್ಲಿ ಇಳಿದೆವು. ಮೇಳದ ಮೈದಾನಕ್ಕೆ ದಾರಿ ಕೇಳಬೇಕಾಗಲಿಲ್ಲ. ಸಂತೆಯಲ್ಲಿ ಆದಂತೆ ಇಲ್ಲಿಯೂ ಮೂಗೇ ಕರೆದುಕೊಂಡು ಹೋಯಿತು.

ಮೇಳದ ಪೂರ್ವವೃತ್ತಾಂತವನ್ನು ಎರಡು ಮಾತಿನಲ್ಲಿ ಹೇಳಬೇಕು. ಇದು ಸರ್ಕಾರದ ಉತ್ಸವವಲ್ಲ, ದೇವಸ್ಥಾನದ ಜಾತ್ರೆಯೂ ಅಲ್ಲ. ವಿಶ್ವೇಶ್ವರಪುರದ ಸಜ್ಜನ್ ರಾವ್ ವೃತ್ತದ ಬಳಿ ತಿಂಡಿ ಬೀದಿ ಎಂದೇ ಹೆಸರಾದ ರಸ್ತೆಯೊಂದುಂಟು. ಅಲ್ಲಿಯ ವಾಸವಿ ಕಾಂಡಿಮೆಂಟ್ಸ್ ಎಂಬ ಕುರುಕಲು ತಿಂಡಿಯ ಅಂಗಡಿಯವರು 2000ದಲ್ಲಿ ಇದನ್ನು ಆರಂಭಿಸಿದರು. ಮಾಗಡಿ, ಕೋಲಾರ, ಚಿಕ್ಕಬಳ್ಳಾಪುರದ ಕಡೆಯ ರೈತರ ಅವರೆಯನ್ನು ಹಂಗಾಮಿನಲ್ಲಿ ಕೊಂಡು, ಬಗೆಬಗೆಯ ತಿಂಡಿ ಮಾಡಿ, ಬೀದಿಯಲ್ಲಿಯೇ ಮಾರುವುದು ಇದರ ಕ್ರಮ. ವರ್ಷದಿಂದ ವರ್ಷಕ್ಕೆ ಜನ ಹೆಚ್ಚಿ ಬೀದಿ ಸಾಲದೇ ಹೋದುದರಿಂದ ಈಚಿನ ವರ್ಷಗಳಲ್ಲಿ ಬಸವನಗುಡಿಯ ನ್ಯಾಷನಲ್ ಕಾಲೇಜು ಮೈದಾನಕ್ಕೆ ಬಂದಿದೆ. ಒಂದು ಅಂಗಡಿಯವರು ಒಂದು ಕಾಳನ್ನು ನಂಬಿ ಹೂಡಿದ ಕೆಲಸ ಕಾಲು ಶತಮಾನ ನಿಂತಿತೆಂಬುದು ಸಣ್ಣ ಮಾತಲ್ಲ.

ಒಳಗೆ ಹೋದೊಡನೆ ನಾವು ಒಂದು ಒಪ್ಪಂದ ಮಾಡಿಕೊಂಡೆವು. ಒಂದು ತಿಂಡಿಗೆ ಒಂದೇ ತಟ್ಟೆ, ಐವರಿಗೂ ಅದರಲ್ಲೇ ಪಾಲು. ಇಲ್ಲದಿದ್ದರೆ ಮೂರನೆಯ ಮಳಿಗೆಯಲ್ಲಿಯೇ ಹೊಟ್ಟೆ ತುಂಬಿ ಪ್ರವಾಸದ ಉದ್ದೇಶ ಕೆಡುತ್ತಿತ್ತು.

ಮೊದಲು ದೋಸೆ. ಹೆಂಚಿನ ಮೇಲೆ ಹಿಟ್ಟು ಹುಯ್ದು, ಹಸಿ ಆರುವುದರೊಳಗೆ ಬೆಂದ ಅವರೆಕಾಳನ್ನು ಮೇಲೆ ಚೆಲ್ಲಿ ಒತ್ತುತ್ತಾರೆ. ಅಂಚು ಗರಿ, ನಡುವೆ ಕಾಳಿನ ಮೆತು. ಇದಕ್ಕೆ ಐವರೂ ಒಪ್ಪಿಗೆ ಕೊಟ್ಟೆವು. ಅಕ್ಕಿರೊಟ್ಟಿ ಅದಕ್ಕಿಂತ ಒಂದು ಕೈ ಮೇಲು. ಕಾಳಿನ ಜೊತೆ ಸಬ್ಬಸಿಗೆ ಸೊಪ್ಪು ಬಿದ್ದಿದ್ದರಿಂದ ವಾಸನೆಗೆ ವಾಸನೆ ಕೂಡಿತ್ತು. ಉಪ್ಪಿಟ್ಟು ಚೆನ್ನಾಗಿತ್ತು, ಆದರೆ ಅದಕ್ಕಾಗಿ ಇನ್ನೂರು ಕಿಲೋಮೀಟರು ಬರಬೇಕಾಗಿರಲಿಲ್ಲ ಎಂದು ನಮ್ಮ ಜೊತೆಗೆ ಬಂದಿದ್ದ ಅತ್ತಿಗೆಯವರು ತೀರ್ಪಿತ್ತರು. ಅವರ ಕೈಯ ಉಪ್ಪಿಟ್ಟನ್ನು ತಿಂದಿರುವ ನಾವು ಎದುರಾಡಲಿಲ್ಲ.

ಮುಂದಿನದು ಹಿತಕಿದ ಬೇಳೆಯ ಸಾರು. ನಮ್ಮ ಕಡೆ ಇದನ್ನು ಹಿದುಕಿದ ಬೇಳೆ ಎನ್ನುತ್ತೇವೆ. ಸುಲಿದ ಕಾಳನ್ನು ನೀರಿನಲ್ಲಿ ನೆನೆಸಿಟ್ಟು, ಒಂದೊಂದನ್ನೇ ಹೆಬ್ಬೆರಳು ತೋರುಬೆರಳಿನ ನಡುವೆ ಹಿದುಕಿದರೆ ಸಿಪ್ಪೆ ಕೈಯಲ್ಲಿ ಉಳಿದು ಬೇಳೆ ಪುಳಕ್ಕನೆ ಹಾರುತ್ತದೆ. ಚಿಕ್ಕಂದಿನಲ್ಲಿ ನಾವೆಲ್ಲ ಅದನ್ನು ಒಬ್ಬರ ಮುಖಕ್ಕೆ ಒಬ್ಬರು ಹಾರಿಸಿ ಅವ್ವನ ಕೈಯಲ್ಲಿ ಪೆಟ್ಟು ತಿಂದವರೇ. ಆ ಸಾರಿನ ಮೊದಲ ಗುಟುಕಿಗೆ ಐವರೂ ಸುಮ್ಮನಾದೆವು. ತೆಂಗಿನಕಾಯಿ, ಗಸಗಸೆ, ಹಸಿಶುಂಠಿ ಎಲ್ಲವೂ ಇದ್ದರೂ ಬೇಳೆಯನ್ನು ಯಾವುದೂ ಅಡಗಿಸಿರಲಿಲ್ಲ.

ಸಿಹಿಯ ಸಾಲಿನಲ್ಲಿ ಅಭಿಪ್ರಾಯಭೇದ ಬಂತು. ಹೋಳಿಗೆ ಉತ್ತಮ, ಕಡಲೆಬೇಳೆಯ ಹೂರಣಕ್ಕಿಂತ ನುಣುಪು. ಪಾಯಸಕ್ಕೂ ದೋಷವಿಲ್ಲ. ಜಾಮೂನಿನಲ್ಲಿ ಸಕ್ಕರೆಯ ಪಾಕ ಕಂಡಿತೇ ಹೊರತು ಅವರೆ ಕಾಣಲಿಲ್ಲ. ಸುದ್ದಿಗೆ ಕಾರಣವಾದ ಜಿಲೇಬಿಯನ್ನೂ ತಿಂದೆವು. ಜಿಲೇಬಿಯಾಗಿ ಅದು ಒಳ್ಳೆಯ ಜಿಲೇಬಿ. ಅವರೆಯೆಂದು ಹೇಳಬೇಕಾದರೆ ಮೇಲಿನ ಫಲಕವನ್ನೇ ನೋಡಬೇಕು. ಐಸ್‌ಕ್ರೀಮು ತಿಂದ ಹಿರಿಯರು ಬಹಳ ಹೊತ್ತು ಯೋಚಿಸಿ, “ತಣ್ಣಗಿದೆ” ಎಂದಷ್ಟೇ ಹೇಳಿದರು. ಮಂಚೂರಿ, ಪಾನಿಪುರಿಗಳ ಮುಂದೆ ಕಾಲೇಜಿನ ಹುಡುಗ ಹುಡುಗಿಯರ ದೊಡ್ಡ ಗುಂಪಿತ್ತು. ಮೊದಲು ನಮಗೆ ನಗು ಬಂತು. ಆಮೇಲೆ ಹೊಳೆಯಿತು: ಮನೆಯಲ್ಲಿ ಅವರೆಸಾರೆಂದರೆ ಮೂಗು ಮುರಿಯುವ ವಯಸ್ಸಿನ ಮಕ್ಕಳು ಇಲ್ಲಿ ದುಡ್ಡು ಕೊಟ್ಟು ಅವರೆ ತಿನ್ನುತ್ತಿದ್ದಾರೆ. ಹುಡುಗರನ್ನು ಕಾಳಿನ ಹತ್ತಿರಕ್ಕೆ ತರಲು ಜಿಲೇಬಿಯೂ ಒಂದು ದಾರಿಯಾದರೆ ಆಗಲಿ.

ಬೆಳೆಗಾರರಾದ ನಾವು ಹೆಚ್ಚು ಹೊತ್ತು ನಿಂತದ್ದು ಈ ಯಾವ ಮಳಿಗೆಯ ಮುಂದೆಯೂ ಅಲ್ಲ, ಬರೀ ಬೇಳೆ ಮಾರುವಲ್ಲಿ. ಒಂದು ಕಡೆ ಹಿತಕಿದ ಹಸಿ ಬೇಳೆ, ಇನ್ನೊಂದು ಕಡೆ ಎಣ್ಣೆಯಲ್ಲಿ ಕರಿದು ಬೆಳ್ಳುಳ್ಳಿ, ಕರಿಬೇವು, ಉಪ್ಪುಖಾರ ಬೆರೆಸಿದ ಬೇಳೆ. ಕಾಯಿಯ ಆಯುಸ್ಸು ಎರಡು ಮೂರು ದಿನ. ಕರಿದ ಬೇಳೆಯದು ವಾರಗಟ್ಟಲೆ. ಒಂದು ಕಿಲೋ ಕಾಯಿ ಸುಲಿದರೆ ಕಾಳು ಅರ್ಧ ಕಿಲೋ ಸಿಕ್ಕುವುದೂ ಕಷ್ಟ, ಹಿದುಕಿದರೆ ಬೇಳೆ ಇನ್ನೂ ಕಡಿಮೆ. ತೂಕ ಇಳಿದಂತೆ ಬೆಲೆ ಏರುತ್ತದೆ, ಆ ಏರಿಕೆಯಲ್ಲಿ ಬಹುಪಾಲು ಬೆರಳಿನ ಕೂಲಿ. ಈ ಹಂಗಾಮಿನಲ್ಲಿ ಕಾಯಿ ಸುಲಿದು, ಕಾಳು ಹಿತಕಿ ನಾಲ್ಕು ಕಾಸು ಕಾಣುವ ಹೆಂಗಸರು ಬೆಂಗಳೂರಿನಲ್ಲಿ ಅನೇಕರಿದ್ದಾರೆ. ಆರು ಕಿಲೋ ಹಣ್ಣಿಗೆ ಒಂದು ಕಿಲೋ ಕಾಫಿ ಬೀಜದ ಲೆಕ್ಕ ಬಲ್ಲ ನಮಗೆ ಇದು ಹೊಸ ಪಾಠವೇನಲ್ಲ. ಆದರೆ ಮುಂದಿನ ಹೆಜ್ಜೆಗಳೂ, ಅಂದರೆ ಸುಲಿಯುವುದು, ಕರಿಯುವುದು, ಬಡಿಸುವುದು, ಒಂದೇ ಮೈದಾನದಲ್ಲಿ ಕಣ್ಣೆದುರು ನಡೆಯುವುದನ್ನು ಕಂಡದ್ದು ಇದೇ ಮೊದಲು.

ಮೈದಾನದ ಹೊರಗೆ ಮಾಗಡಿಯ ಕಡೆಯ ರೈತರೊಬ್ಬರು ಕಾಯಿಯ ರಾಶಿ ಹಾಕಿಕೊಂಡು ಕುಳಿತಿದ್ದರು. ನಾವೂ ರೈತರೆಂದು ತಿಳಿದ ಮೇಲೆ ಮಾತು ಸಲೀಸಾಯಿತು. ಯಾವ ಬೀಜವೆಂದು ಕೇಳಿದೆವು.

“ಮನೆ ಬೀಜ ಸ್ವಾಮಿ, ನಾಟಿ. ಹೆಬ್ಬಾಳದ್ದೂ ಹಾಕ್ತೀನಿ, ಅದು ಬೇಸಿಗೆಗೆ. ಸಂಕ್ರಾಂತಿಗೆ ಮಾತ್ರ ನಾಟಿದೇ ಬೇಕು. ಇಲ್ಲಿ ಗಿರಾಕಿ ಮೊದಲು ಮೂಸಿ ನೋಡ್ತಾರೆ, ಆಮೇಲೆ ರೇಟು ಕೇಳ್ತಾರೆ.”

ಅವರ ಮಾತಿನಲ್ಲಿ ಶಾಸ್ತ್ರವೂ ಇದೆ. ನಾಟಿ ಅವರೆ ಹಗಲು ಗಿಡ್ಡವಾದಾಗ ಮಾತ್ರ ಹೂ ಬಿಡುವ ಜಾತಿ. ಮುಂಗಾರಿನಲ್ಲಿಯೇ ಬಿತ್ತಿದರೂ ಅದು ಬಳ್ಳಿ ಹಬ್ಬಿಸಿಕೊಂಡು ಕಾಯುತ್ತದೆ. ಹಿಂಗಾರು ಕಳೆದು ಚಳಿ ಬಂದಾಗ ಹೂ, ಆಮೇಲೆ ಕಾಯಿ. ಬೆಂಗಳೂರಿನ ಕೃಷಿ ವಿಶ್ವವಿದ್ಯಾನಿಲಯದವರು ಹೆಬ್ಬಾಳದಲ್ಲಿ ತೆಗೆದ ಎಚ್.ಎ.-3, ಎಚ್.ಎ.-4 ತಳಿಗಳಿಗೆ ಹಗಲಿನ ಉದ್ದದ ಹಂಗಿಲ್ಲ. ಗಿಡ ಕುಳ್ಳು, ಕಾಯಿ ಬೇಗ, ವರ್ಷದ ಯಾವ ಕಾಲದಲ್ಲಾದರೂ ಬೆಳೆಯಬಹುದು. ರೈತರಿಗೆ ಅವುಗಳಿಂದ ಉಪಕಾರವಾಗಿದೆ ಎಂಬುದರಲ್ಲಿ ಸಂದೇಹವಿಲ್ಲ. ಆದರೆ ನಾಟಿಯ ಸೊಗಡು ಅವುಗಳಲ್ಲಿಲ್ಲವೆಂದು ಕೊಳ್ಳುವವರು ಹೇಳುತ್ತಾರೆ, ಅದಕ್ಕೆ ತಕ್ಕಂತೆ ಬೆಲೆ ಕಟ್ಟುತ್ತಾರೆ.

ನಮ್ಮ ಪ್ರಶ್ನೆಗಳೆಲ್ಲ ಮುಗಿದ ಮೇಲೆ ಆ ರೈತರು ಒಂದು ಮಾತು ಕೇಳಿದರು. “ಗುಂಡ್ಲುಪೇಟೆ ಅಂದ್ರಲ್ಲ, ನಿಮ್ಮ ಕಡೆ ಬೀಜ ಹ್ಯಾಗಿದೆ? ಕಾಳು ಕೆಂಪೋ ಬಿಳಿಯೋ?” ನಾವು ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಐವರಲ್ಲಿ ಒಬ್ಬರ ಮನೆಯಲ್ಲಿಯೂ ಅವರೆಯ ಬಿತ್ತನೆ ಬೀಜವಿರಲಿಲ್ಲ.

ಹೊರಡುವ ಮುನ್ನ ಎದುರಿನ ಅಂಗಡಿಯಲ್ಲಿ ಕಾಫಿ ಕುಡಿದೆವು. ಯಾವ ಸೀಮೆಯ ಬೀಜವೆಂದು ಕೇಳಿದರೆ, “ಫಿಲ್ಟರ್ ಕಾಫಿ ಸಾರ್” ಎಂಬ ಉತ್ತರ ಬಂತು. ಪಕ್ಕದ ಬೀಡಾ ಅಂಗಡಿಯಲ್ಲಿ ಅಡಿಕೆ ಯಾವ ಊರಿನದೆಂದು ಕೇಳುವ ಧೈರ್ಯವಾಗಲಿಲ್ಲ. ಅಷ್ಟು ಬಗೆಯ ತಿಂಡಿಗಳ ಮೇಲೆ ಅವರೆಯ ಹೆಸರಿತ್ತು, ಮಾಗಡಿಯ ಹೆಸರು ಜನರ ಬಾಯಲ್ಲಿತ್ತು. ಊಟದ ಕೊನೆಗೆ ಬರುವ ನಮ್ಮ ಎರಡು ಪದಾರ್ಥಗಳಿಗೆ ಊರೂ ಇಲ್ಲ, ಹೆಸರೂ ಇಲ್ಲ. ಬಿಳಿಗಿರಿರಂಗನ ಬೆಟ್ಟದ ಸೋಲಿಗರು ತಮ್ಮ ತುಂಡು ನೆಲದಲ್ಲಿ ಬೆಳೆದ ಕಾಫಿಗೂ ಇದೇ ಪಾಡು; ಬೆಟ್ಟದಿಂದ ಇಳಿದು ಬೇರೆಯ ಬೀಜದೊಡನೆ ಬೆರೆತರೆ ಅದನ್ನು ಗುರುತಿಸುವವರಿಲ್ಲ. ಹಿರಿಯರ ಪ್ರಶ್ನೆಗೆ ಆಗ ಉತ್ತರ ಸಿಕ್ಕಿತು. ಅವರೆಗೆ ಜಾತ್ರೆ ಬಂದದ್ದು ಜಿಲೇಬಿಯಿಂದಲ್ಲ. ಹೊಲದ ವಾಸನೆ ತಟ್ಟೆಯವರೆಗೂ ಕೆಡದೆ ಬಂತು, ಜನ ಅದನ್ನು ಮೂಸಿ ಗುರುತಿಸಿದರು, ಗುರುತಿಸಿದ್ದರಿಂದ ಬೆಲೆ ಬಂತು, ಬೆಲೆ ಬಂದದ್ದರಿಂದ ಮಾಗಡಿಯ ರೈತರ ಮನೆಯಲ್ಲಿ ಬೀಜ ಉಳಿಯಿತು.

ಊರಿಗೆ ಬಂದ ಮೇಲೆ ಬೀಜದ ಪ್ರಶ್ನೆ ನಮ್ಮನ್ನು ಬಿಡಲಿಲ್ಲ. ಸಂಕ್ರಾಂತಿಯ ಮುಂಚಿನ ವಾರವೆಲ್ಲಾ ಪರಿಚಯದವರ ಮನೆಗಳಲ್ಲಿ ವಿಚಾರಿಸಿದೆವು. ಕೆಲವರು ಅಂಗಡಿಯ ಪೊಟ್ಟಣ ತೋರಿಸಿದರು. ಕೆಲವರು, “ಅಪ್ಪನ ಕಾಲಕ್ಕಿತ್ತು” ಎಂದರು. ನಂಜನಗೂಡಿನ ರಸಬಾಳೆಯ ಕಥೆ ನೆನಪಾಯಿತು. ದೇಶಕ್ಕೆಲ್ಲ ಹೆಸರಾದ ಆ ಹಣ್ಣಿಗೆ ಭೌಗೋಳಿಕ ಸೂಚಕದ ಮಾನ್ಯತೆಯೂ ಇದೆ. ಆದರೆ ಪನಾಮಾ ಸೊರಗು ರೋಗ ಬಿದ್ದು ತೋಟಗಳು ಬರಿದಾಗಿ, ಇಂದು ನಿಜವಾದ ರಸಬಾಳೆಯನ್ನು ಹುಡುಕಿಕೊಂಡು ಹೋಗಬೇಕು. ಅಲ್ಲಿ ರೋಗದ ನೆಪವಾದರೂ ಇದೆ. ಅವರೆಗೆ ಯಾವ ರೋಗವೂ ಬಂದಿರಲಿಲ್ಲ, ನಾವು ಬಿತ್ತಲಿಲ್ಲ, ಅಷ್ಟೆ.

ಕಡೆಗೆ ತೆರಕಣಾಂಬಿಯ ಕಡೆ ಸದಸ್ಯರೊಬ್ಬರ ತಾಯಿಯ ಬಳಿ ಬೀಜ ಇದೆಯೆಂದು ತಿಳಿಯಿತು. ಹೋದೆವು. ಅಜ್ಜಿಗೆ ಎಂಬತ್ತು ದಾಟಿರಬಹುದು. ಅಟ್ಟದ ಮೇಲಿದ್ದ ಮಡಕೆಯನ್ನು ಮೊಮ್ಮಗನಿಂದ ಇಳಿಸಿದರು. ಬಾಯಿಗೆ ಬಟ್ಟೆ, ಒಳಗೆ ಒಲೆಯ ಬೂದಿ, ಬೂದಿಯ ನಡುವೆ ಕಾಳು. ಕೆಲವು ಕೆನೆಬಣ್ಣ, ಕೆಲವು ಕೆಂಗಂದು, ಎಲ್ಲದರ ನೆತ್ತಿಯ ಮೇಲೂ ಬಿಳಿಯ ಗೀರು. ಒಂದರಲ್ಲಿಯೂ ಹುಳುವಿನ ತೂತಿರಲಿಲ್ಲ. ಹಿತ್ತಿಲ ಬೇಲಿಯ ಮೇಲೆ ವರ್ಷ ವರ್ಷವೂ ನಾಲ್ಕು ಬಳ್ಳಿ ಹಬ್ಬಿಸಿ, ಅದರಿಂದಲೇ ಬೀಜ ಕಾಯ್ದುಕೊಂಡು ಬಂದಿದ್ದರು.

“ನೀವೆಲ್ಲಾ ಅಡ್ಕೆ ಹಾಕ್ದಾಗ್ಲೇ ಯೋಳ್ದಿ ಕನಪ್ಪ, ಬದೀಲಿ ಒಂದ್ ಸಾಲು ಬುಡಿ ಅಂತ. ಯಾರ್ ಕೇಳುದ್ರಿ? ನೀರ್ ಬಂತು ಅಂತ ಕುಣುದ್ರಿ” ಎಂದರು ಅಜ್ಜಿ. ಬೈದರೂ ಎರಡು ಸೇರು ಅಳೆದು ಕೊಟ್ಟರು. ದುಡ್ಡು ಮುಟ್ಟಲಿಲ್ಲ. “ಬೀಜುಕ್ ದುಡ್ಡಿಸ್ಕಂಡಾರಾ? ಮುಂದಿನ್ ವರ್ಸ ಬೀಜಾನೇ ತಂದ್ಕೊಡಿ” ಎಂದರು.

ಆ ಎರಡು ಸೇರು ಬೀಜ ಈಗ ಸಂಘದ ಕಚೇರಿಯಲ್ಲಿದೆ, ಬೂದಿಯ ಸಮೇತ. ಬೇಕಾದ ಸದಸ್ಯರು ಬಿತ್ತನೆಗೆ ಮುಂಚೆ ಬಂದು ಒಂದೊಂದು ಹಿಡಿ ತೆಗೆದುಕೊಂಡು ಹೋಗಬಹುದು. ನಿಬಂಧನೆ ಹಳೆಯದೇ: ಒಂದು ಹಿಡಿ ಒಯ್ದವರು ಕಾಯಿ ಒಣಗಿದ ಮೇಲೆ ಎರಡು ಹಿಡಿ ತರಬೇಕು. ಅಜ್ಜಿಯ ಮಡಕೆಗೆ ಮೊದಲ ಪಾಲು.

ಬಿತ್ತುವವರಿಗೆ ಎರಡು ಮಾತು. ಜುಲೈ, ಆಗಸ್ಟ್ ತಿಂಗಳುಗಳಲ್ಲಿ ಬಿತ್ತಬೇಕು; ಬಹಳ ಮುಂಚೆ ಹಾಕಿದರೆ ಬರೀ ಸೊಪ್ಪಾಗಿ ಹಬ್ಬುತ್ತದೆ. ಬಿಸಿಲು ಬೇಕೇ ಬೇಕು. ಕಾಫಿಯ ನೆರಳಿನಲ್ಲಾಗಲಿ, ಬೆಳೆದ ಅಡಿಕೆಯ ಕೆಳಗಾಗಲಿ ಹಾಕಿ ಕಾಯಿ ಬರಲಿಲ್ಲವೆಂದು ದೂರಬಾರದು. ತೋಟದ ಬದು, ಬೇಲಿಯ ಅಂಚು, ಎಳೆಯ ಅಡಿಕೆಯ ಸಾಲುಗಳ ನಡುವಿನ ಬಯಲು ಇದಕ್ಕೆ ತಕ್ಕ ಜಾಗ. ಹೆಬ್ಬಾಳದ ತಳಿ ಹಾಕಿದವರು ಇದನ್ನು ದೂರದಲ್ಲಿ ಬಿತ್ತಲಿ. ಅವರೆ ಬಹುಮಟ್ಟಿಗೆ ತನ್ನ ಹೂವಿನಲ್ಲಿಯೇ ಕಾಯಿ ಕಟ್ಟಿಕೊಳ್ಳುತ್ತದಾದರೂ ದುಂಬಿ ಬಂದು ಬೆರಕೆ ಮಾಡುವುದುಂಟು. ಬೀಜಕ್ಕೆಂದು ಒಳ್ಳೆಯ ಎರಡು ಬಳ್ಳಿಯನ್ನು ಮೊದಲೇ ಗುರುತು ಹಾಕಿ, ಅದರ ಕಾಯಿಗೆ ಕೈ ಹಾಕದೆ ಬಳ್ಳಿಯಲ್ಲಿಯೇ ಒಣಗಲು ಬಿಡಬೇಕು. ಸಂಕ್ರಾಂತಿಯ ದಿನ ಮಕ್ಕಳ ಕೈಯಿಂದ ಆ ಎರಡು ಬಳ್ಳಿಯನ್ನು ಕಾಯುವುದೇ ಈ ಬೇಸಾಯದಲ್ಲಿ ಕಷ್ಟದ ಕೆಲಸ.

ಮುಂದಿನ ಪುಷ್ಯದಲ್ಲಿ ಸಂಘದ ಸಭೆಗೆ ಬರುವವರು ತಮ್ಮ ಬದುವಿನ ಒಂದು ಬೊಗಸೆ ಕಾಯಿ ತರಬೇಕೆಂದು ಕೋರುತ್ತೇವೆ. ಸಾರು ಮಾಡುವ ಹೊಣೆಯನ್ನು ಅತ್ತಿಗೆಯವರು ಒಪ್ಪಿಕೊಂಡಿದ್ದಾರೆ. ಕಾಳು ಹಿದುಕುವ ಕೆಲಸ ಮಾತ್ರ ಗಂಡಸರದೆಂದು ಈಗಲೇ ತಿಳಿಸಿದ್ದಾರೆ.